ಹಗೇವಿನ ಪಿಸ್ತೂಲು

ನಾನು ಇತಿಹಾಸದ ವಿದ್ವಾಂಸನಲ್ಲ. ಚಾಮರಾಜನಗರದಲ್ಲಿ ಬಿ.ಎ. ತರಗತಿಗೆ ಇತಿಹಾಸವನ್ನು ಒಂದು ವಿಷಯವಾಗಿ ಓದಿದ್ದು ಬಿಟ್ಟರೆ, ಉಳಿದ ಆಯುಷ್ಯವೆಲ್ಲ ಬ್ಯಾಂಕಿನ ಕೌಂಟರಿನ ಹಿಂದೆಯೇ ಕಳೆದಿದೆ. ಊರು ತಾಳವಾಡಿ ಬೆಟ್ಟದ ಪಣಕಹಳ್ಳಿ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ. ವರ್ಗವಾಗಿ ನಾಲ್ಕು ವರ್ಷ ಕಾಸರಗೋಡಿನಲ್ಲಿದ್ದಾಗ ಈ ವಾರ್ಷಿಕದ ಬಳಗದ ಪರಿಚಯವಾಯಿತು. ನಿಮ್ಮ ಕಡೆಯ ಚರಿತ್ರೆಯ ಬಗ್ಗೆ ಏನಾದರೂ ಬರೆಯಿರಿ ಎಂದು ಬಳಗದ ಹಿರಿಯರು ಆಗಾಗ ನೆನಪಿಸುತ್ತಿದ್ದರು. ಬರೆಯಲು ಕೂತಾಗ ಕಣ್ಣಿಗೆ ಬಂದದ್ದು ಕೋಟೆಯೂ ಅಲ್ಲ, ಶಾಸನವೂ ಅಲ್ಲ. ನನ್ನ ಚಿಕ್ಕಪ್ಪನ ಮನೆಯ ಒಂದು ತುಕ್ಕು ಹಿಡಿದ ಪಿಸ್ತೂಲು. ಅದನ್ನು ಅಸಲಿಯೋ ನಕಲಿಯೋ ಎಂದು ನೋಡಲು ಹೋಗಿ ನಾನು ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇನೆ. ಹಳೆಯ ವಸ್ತುಗಳಿರುವ ಮನೆಗಳು ನಿಮ್ಮಲ್ಲೂ ಇವೆಯಾದ್ದರಿಂದ ಉಪಯೋಗವಾದೀತು.

2019ರ ಮಳೆಗಾಲ. ನಾನಾಗ ಸತ್ಯಮಂಗಲದ ಒಂದು ಶಾಖೆಯಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿದ್ದೆ. ಒಂದು ದಿನ ಬೆಳಿಗ್ಗೆ ಸಾಲಿನಲ್ಲಿ ನನ್ನ ಚಿಕ್ಕಪ್ಪನ ಮಗ ನಿಂತಿದ್ದ. ದಿಂಬಂ ಘಾಟಿಯ 27 ತಿರುವು ಇಳಿದು ಬಂದಿದ್ದ. ಕರವಸ್ತ್ರದ ಗಂಟಿನಲ್ಲಿ ಹೆಂಡತಿಯ ಎರಡೆಳೆ ಸರ.

“ಏನ್ಲಾ, ಬೋರ್‌ವೆಲ್ಲಾ?” ಎಂದೆ.

“ಅಲ್ಲ ಅಣ್ಣ, ಒಳ್ಳೇ ವಿಚಾರನೇ. ಸಂಜೆ ಹೇಳ್ತೀನಿ” ಎಂದ.

ಸಂಜೆಯವರೆಗೆ ಕಾಯದೆ, ಊಟದ ಬಿಡುವಿನಲ್ಲಿ ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿದೆ. ಜೇಬಿನಿಂದ ಒಂದು ಪತ್ರಿಕೆಯ ತುಣುಕು ತೆಗೆದ. ಆ ವರ್ಷದ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ನಡೆದ ಹರಾಜಿನ ಸುದ್ದಿ. ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಮೇಜರನ ವಂಶಸ್ಥರ ಅಟ್ಟದ ಮೇಲೆ ಟಿಪ್ಪು ಸುಲ್ತಾನನ ಅರಮನೆಯ ವಸ್ತುಗಳು ಸಿಕ್ಕಿ, ಎಲ್ಲ ಸೇರಿ 1,07,000 ಪೌಂಡಿಗೆ ಹೋಗಿದ್ದವು. ಅದರಲ್ಲಿ ಬೆಳ್ಳಿ ಕಟ್ಟಿನ ಒಂದು ಕೋವಿಯೇ 60,000 ಪೌಂಡು.

“ನಮ್ಮನೇದೂ ಅಂಥದ್ದೇ ಅಂತೆ ಅಣ್ಣ. ಟಿಪ್ಪು ಸುಲ್ತಾನಂದೇ. ಒಂದು ಕೋಟಿಗೆ ಮಾತಾಡವ್ರೆ. ಟೆಸ್ಟಿಂಗ್ ಮಾಡ್ಸಕ್ಕೆ ಅರವತ್ತು ಸಾವಿರ ಆಗುತ್ತಂತೆ. ಹದಿನೈದು ಕೊಟ್ಟಾಗದೆ. ಉಳಿದದ್ದು ಕೊಟ್ರೆ ಚೆನ್ನೈನಿಂದ ಆಫೀಸರು ಬತ್ತಾರೆ.”

“ಕೋಟಿ ಹೇಳ್ದವ್ನು ಪಿಸ್ತೂಲು ಕೈಯಲ್ಲಿ ಹಿಡಿದು ನೋಡವ್ನಾ?”

“ಫೋಟೋ ನೋಡವ್ನೆ.”

ನಮ್ಮ ಶಾಖೆಯ ಚಿನ್ನ ಪರೀಕ್ಷಕರು ಕಾಲು ಪವನಿನ ಓಲೆಯನ್ನೂ ಒರೆಗಲ್ಲಿಗೆ ತಿಕ್ಕದೆ ತಕ್ಕಡಿಗೆ ಹಾಕುವುದಿಲ್ಲ. ಫೋಟೋ ನೋಡಿ ಒಂದು ಕೋಟಿ ಎಂದವನು ಯಾರು? ತಮಿಳುನಾಡು, ಕರ್ನಾಟಕ ಎರಡೂ ಕಡೆ ‘ರೈಸ್ ಪುಲ್ಲರ್’ ಎಂಬ ಹೆಸರಿನಲ್ಲಿ ತಾಮ್ರದ ಚೊಂಬಿಗೆ ಕೋಟಿ ಕಟ್ಟಿ, ಪರೀಕ್ಷೆಯ ಶುಲ್ಕವೆಂದು ಸಾವಿರ ಸಾವಿರ ಕಿತ್ತುಕೊಂಡು ಮಾಯವಾಗುವವರ ವಿಷಯ ನಾನು ಕೇಳಿದ್ದೆ. ಇದೂ ಅದೇ ಜಾತಿಯದೆಂದು ಅನ್ನಿಸಿತು. ಆದರೆ ಅವನ ಮುಖ ನೋಡಿ ಬಾಯಿ ಕಟ್ಟಿತು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಕೋಸು ಹಾಕಿದ ಜಮೀನಿಗೆ ಆನೆ ನುಗ್ಗಿತ್ತು. “ಮೂರು ದಿನ ಟೈಂ ಕೊಡು. ಭಾನುವಾರ ನಾನೇ ಬಂದು ನೋಡ್ತೀನಿ. ಸರ ಮನೆಗೆ ವಾಪಸ್ಸು ತಗೊಂಡೋಗು” ಎಂದು ಕಳಿಸಿದೆ.

ಮನೆಯಲ್ಲಿ ಬಂದ ಕಥೆ

ಈ ಪಿಸ್ತೂಲಿನ ಕಥೆ ನಾನು ಹುಡುಗನಾಗಿದ್ದಾಗಿನಿಂದ ಕೇಳಿದ್ದೇ. ಟಿಪ್ಪುವಿನ ದಂಡು ಬೆಟ್ಟ ಇಳಿದು ಹೋಗುವಾಗ ಗಾಯಗೊಂಡ ಒಬ್ಬ ಕುದುರೆ ಸವಾರ ನಮ್ಮ ಹಿರಿಯರ ಮನೆಯಲ್ಲಿ ಮೂರು ದಿನ ಇದ್ದು, ರಾಗಿ ಅಂಬಲಿ ಕುಡಿದು, ಹೋಗುವಾಗ ಸೊಂಟದ ಪಿಸ್ತೂಲನ್ನು ಕೊಟ್ಟು ಹೋದನಂತೆ.

ಕಥೆಗೆ ನೆಲದ ಆಧಾರವಿಲ್ಲದೆ ಇಲ್ಲ. 1790ರಲ್ಲಿ ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಕಂಪನಿಯ ಸೇನಾಪತಿ ಮೆಡೋಸ್ ಕೊಯಮತ್ತೂರನ್ನು ಹಿಡಿದಿದ್ದ. ಅವನ ಕೈಕೆಳಗಿನ ಕರ್ನಲ್ ಫ್ಲಾಯ್ಡ್ ಸತ್ಯಮಂಗಲದಲ್ಲಿ ಬೀಡುಬಿಟ್ಟಿದ್ದ. ಟಿಪ್ಪು ಸೆಪ್ಟೆಂಬರ್ ತಿಂಗಳಲ್ಲಿ ಗಜ್ಜಲಹಟ್ಟಿ ಕಣಿವೆಯಿಂದ ದೊಡ್ಡ ದಂಡನ್ನು ಇಳಿಸಿದ. ಆ ತಿಂಗಳ 13ರಂದು ಸತ್ಯಮಂಗಲದ ಬಳಿ ಕಾದಾಟವಾಗಿ, ಫ್ಲಾಯ್ಡ್ ಕೆಲವು ಫಿರಂಗಿಗಳನ್ನು ಅಲ್ಲೇ ಬಿಟ್ಟು ಹಿಂದೆ ಸರಿದ. ಆ ಕಣಿವೆ ನಮ್ಮ ತಲಮಲೆ ಕಾಡಿನ ನೆರೆಯದೇ. ಆ ದಾರಿಯ ಕೆಳಗಿದ್ದ ದಣಾಯಕನಕೋಟೆ ಇಂದು ಭವಾನಿಸಾಗರದ ನೀರಿನಡಿಯಲ್ಲಿದೆ. ಹಾಗಾಗಿ ಸವಾರ ಬಂದದ್ದು, ಗಾಯಗೊಂಡದ್ದು ಅಸಂಭವವೇನಲ್ಲ. ಆದರೆ ಸಂಭವವೆಂಬುದು ಸಾಕ್ಷಿಯಲ್ಲ. ಬ್ಯಾಂಕಿನವನಾಗಿ ನನಗೆ ಈ ವ್ಯತ್ಯಾಸ ಗೊತ್ತಿರಬೇಕು. ಸಹಿ ‘ಇರಬಹುದು’ ಎಂದು ಚೆಕ್ಕು ಪಾಸು ಮಾಡಲಾಗುವುದಿಲ್ಲ.

ಪಿಸ್ತೂಲು ಹಗೇವಿಗೆ ಇಳಿದದ್ದು ನಮ್ಮ ಕಣ್ಣೆದುರಿನ ಚರಿತ್ರೆ. ಕಾಡಿನಲ್ಲಿ ವೀರಪ್ಪನ್ ಇದ್ದ ಕಾಲ. ಎರಡೂ ರಾಜ್ಯಗಳ ಪೊಲೀಸು ಪಡೆ ನಮ್ಮ ಊರುಗಳಲ್ಲಿ ಓಡಾಡುತ್ತಿತ್ತು. 2000ದ ಜುಲೈ 30ರ ರಾತ್ರಿ ನಮ್ಮ ಪಕ್ಕದ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿಕೊಂಡು ಹೋದ ಮೇಲಂತೂ ಮನೆಯಲ್ಲಿ ಚಾಕು ಮಸೆಯಲೂ ಹೆದರಿಕೆ. ಆಗ ಚಿಕ್ಕಪ್ಪ ಪಿಸ್ತೂಲನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ರಾಗಿಯ ಹಗೇವಿಗೆ ಇಳಿಸಿ ಬಾಯಿಗೆ ಚಪ್ಪಡಿ ಎಳೆದುಬಿಟ್ಟರು. ಅದು ಹೊರಗೆ ಬಂದದ್ದು ಹದಿನೆಂಟು ಹತ್ತೊಂಬತ್ತು ವರ್ಷಗಳ ಮೇಲೆ, ಈ ಪತ್ರಿಕೆಯ ತುಣುಕಿನ ದೆಸೆಯಿಂದ.

ಟಿಪ್ಪುವಿನ ಕಮ್ಮಟದ ಗುರುತುಗಳು

ಆ ಮೂರು ದಿನ ಬ್ಯಾಂಕು ಮುಗಿಸಿ ಬಂದು ಓದಿದೆ, ಬಲ್ಲವರನ್ನು ಫೋನಿನಲ್ಲಿ ಕೇಳಿದೆ. ಹಿಂದೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ನೋಡಿದ್ದನ್ನು ನೆನಪು ಮಾಡಿಕೊಂಡೆ. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ ಟಿಪ್ಪುವಿನ ಬಂದೂಕುಗಳನ್ನೇ ಜೀವಮಾನವಿಡೀ ಕೂಡಿಹಾಕಿ, 1992ರಲ್ಲಿ ಅವುಗಳ ಮೇಲೆ ಒಂದು ಗ್ರಂಥ ತಂದ. ಟಿಪ್ಪುವಿನದೆಂದು ಹೇಳುವ ಆಯುಧಗಳ ಪರೀಕ್ಷೆಗೆ ಈಗಲೂ ಅದೇ ಅಡಿಗಲ್ಲು.

ಟಿಪ್ಪುವಿನ ಪಿಸ್ತೂಲು ಸಾಮಾನ್ಯ ವಸ್ತುವಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ನಮ್ಮವರೇ ಮಾಡಿದ್ದು. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋಗಿ ಕುಶಲಕರ್ಮಿಗಳನ್ನು ಬೇಡಿ ಕರೆತಂದಿದ್ದರು. ಹಾಗಾಗಿ ಯಂತ್ರದ ರಚನೆಯಲ್ಲಿ ಯುರೋಪಿನ ಕೈಯಿದೆ, ಅಲಂಕಾರದಲ್ಲಿ ಮೈಸೂರಿನ ಹುಲಿ ಇದೆ. ನೋಡಬೇಕಾದ ಗುರುತುಗಳು ಇವು:

ಮೊದಲನೆಯದು ಹುಲಿಪಟ್ಟೆ. ‘ಬಬ್ರಿ’ ಎಂದು ಕರೆಯುವ ಆ ಬಾಗಿದ ಗೆರೆ ನಳಿಗೆಯ ಮೇಲೋ ಬೆಳ್ಳಿಯ ಕಟ್ಟಿನ ಮೇಲೋ ಇದ್ದೇ ಇರುತ್ತದೆ. ಕೆಲವದರಲ್ಲಿ ಹುಲಿಮುಖ. ‘ದೇವರ ಸಿಂಹವೇ ಜಯಶಾಲಿ’ ಎಂಬ ಅರಬ್ಬೀ ವಾಕ್ಯವನ್ನು ಹುಲಿಯ ಮೋರೆಯ ಆಕಾರದಲ್ಲಿ ಬರೆದದ್ದೂ ಉಂಟು.

ಎರಡನೆಯದು ಬರಹ. ಮಾಡಿದವನ ಹೆಸರು, ‘ಪಟ್ಟಣ’ ಎಂದರೆ ಶ್ರೀರಂಗಪಟ್ಟಣ, ಮತ್ತು ವರ್ಷ. ಸಯ್ಯದ್ ದಾವೂದ್ ಎಂಬ ಕುಶಲಿಯ ಹೆಸರಿರುವ, 1793-94ಕ್ಕೆ ಸರಿಹೋಗುವ ಕೋವಿಯೊಂದು 2015ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 7,22,500 ಪೌಂಡಿಗೆ ಹೋಯಿತು. ವಿಶೇಷವೆಂದರೆ ಆ ವರ್ಷ ಕ್ರಿಸ್ತಶಕವೂ ಅಲ್ಲ, ಹಿಜರಿಯೂ ಅಲ್ಲ. ಪ್ರವಾದಿಯ ಜನನದಿಂದ ಎಣಿಸುವ ‘ಮೌಲೂದಿ’ ಎಂಬ ಟಿಪ್ಪುವಿನದೇ ಎಣಿಕೆ. ಆ ಕೋವಿಯ ಮೇಲಿನ ವರ್ಷ 1222. ಅವನ ನಾಣ್ಯಗಳಲ್ಲಿ ಈ ಅಂಕಿಗಳು ಬಲದಿಂದ ಎಡಕ್ಕೆ ಹೋಗುತ್ತವೆ. ನಕಲು ಮಾಡುವವರು ಎಡವುವುದು ಇಲ್ಲೇ. ತನ್ನ ನಾಣ್ಯದ ಮೇಲೂ ಹೆಸರು ಹಾಕಿಕೊಳ್ಳದ ದೊರೆಯ ಪಿಸ್ತೂಲಿನ ಮೇಲೆ ಇಂಗ್ಲಿಷಿನಲ್ಲಿ ‘ಟಿಪ್ಪು ಸುಲ್ತಾನ್ 1799’ ಎಂದು ಕೆತ್ತಿದ್ದರೆ ಆ ವಸ್ತುವನ್ನು ಅಲ್ಲೇ ಕೆಳಗಿಡಬಹುದು.

ಮೂರನೆಯದು ಜೋಡಿ. ಟಿಪ್ಪುವಿನ ಪಿಸ್ತೂಲುಗಳಲ್ಲಿ ಒಂದಕ್ಕೆ ಯಂತ್ರ ಬಲಗಡೆ, ಇನ್ನೊಂದಕ್ಕೆ ಎಡಗಡೆ ಇರುವ ಜೋಡಿಗಳಿವೆ. ಎಡಗಡೆ ಯಂತ್ರದ ಪಿಸ್ತೂಲು ಬೇರೆ ಕಡೆ ಅಪರೂಪ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಕಿಡಿ ಹೊತ್ತಿಸುವ ಬಗೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಅಂದಿನ ಪಿಸ್ತೂಲು ಚಕಮಕಿ ಕಲ್ಲಿನದು. ಕುದುರೆಯ ಬಾಯಲ್ಲಿ ಕಲ್ಲಿನ ಚೂರು ಇರುತ್ತದೆ, ಅದು ಉಕ್ಕಿನ ಮುಚ್ಚಳಕ್ಕೆ ಬಡಿದು ಕಿಡಿ ಹಾರಿಸುತ್ತದೆ, ಕಿಡಿ ಬಟ್ಟಲಿನ ರಂಜಕಕ್ಕೆ ತಾಗಿ ಒಳಗಿನ ಮದ್ದನ್ನು ಹೊತ್ತಿಸುತ್ತದೆ. (ಬಂದೂಕಿನ ಆ ಭಾಗಕ್ಕೆ ತಮಿಳಿನಲ್ಲೂ ಕುದುರೆ ಎಂದೇ ಹೆಸರು.) ಆಮೇಲೆ ಬಂದದ್ದು ಮಲೆನಾಡಿನವರು ‘ಕೇಪಿನ ಕೋವಿ’ ಎನ್ನುವ ಬಗೆ. ಕಲ್ಲೂ ಇಲ್ಲ, ಬಟ್ಟಲೂ ಇಲ್ಲ. ಸಣ್ಣ ಮೊಲೆಯಂಥ ಕೊಳವೆಯ ಮೇಲೆ ತಾಮ್ರದ ಕೇಪು ಕೂರಿಸುತ್ತಾರೆ, ಕುದುರೆ ಸುತ್ತಿಗೆಯಂತೆ ಅದನ್ನು ಬಡಿಯುತ್ತದೆ. ಈ ವಿದ್ಯೆಯ ಬೀಜ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸೈತ್ 1807ರಲ್ಲಿ ಪಡೆದ ಪೇಟೆಂಟು. ಬ್ರಿಟಿಷ್ ಸೈನ್ಯಕ್ಕೆ ಕೇಪು ಬಂದದ್ದು 1840ರ ಸುಮಾರಿಗೆ. ಆದ್ದರಿಂದ ಕೇಪಿನ ಪಿಸ್ತೂಲು ಟಿಪ್ಪುವಿನ ಸೊಂಟದಲ್ಲಿ ಇರುವುದು ಸಾಧ್ಯವೇ ಇಲ್ಲ.

ಭಾನುವಾರದ ಪರೀಕ್ಷೆ

ಭಾನುವಾರ ಜಗುಲಿಯ ಮೇಲೆ ಹಳೆಯ ಪಂಚೆ ಹಾಸಿ ಪಿಸ್ತೂಲನ್ನು ಇಟ್ಟರು. ಚಿಕ್ಕಪ್ಪ, ಚಿಕ್ಕಮ್ಮ, ತಮ್ಮ, ಅವನ ಮಗಳು, ನೆರೆಮನೆಯವರು ಇಬ್ಬರು. ನಾನು ನಳಿಗೆಯ ಬಾಯನ್ನು ಗೋಡೆಯ ಕಡೆಗೆ ತಿರುಗಿಸಿದೆ. ಎಷ್ಟೇ ಹಳತಾದರೂ ಒಳಗೆ ಮದ್ದು ಉಳಿದಿರಬಹುದು, ಮೊದಲು ಆ ಎಚ್ಚರ.

ಕುದುರೆಯನ್ನು ನೋಡಿದ ಕ್ಷಣವೇ ನನಗೆ ಉತ್ತರ ಗೊತ್ತಾಯಿತು. ಕಲ್ಲು ಕಚ್ಚುವ ಬಾಯಿಲ್ಲ. ಸುತ್ತಿಗೆಯ ತಲೆ, ಅದರ ಕೆಳಗೆ ತುಕ್ಕು ಕಟ್ಟಿದ ಕೊಳವೆ. ಕೇಪಿನ ಪಿಸ್ತೂಲು. ಆದರೂ ಆತುರ ಬೇಡವೆಂದುಕೊಂಡೆ. ಚಕಮಕಿಯ ಎಷ್ಟೋ ಹಳೆಯ ಬಂದೂಕುಗಳನ್ನು ಮುಂದೆ ಕೇಪಿಗೆ ಮಾರ್ಪಡಿಸಿದ್ದುಂಟು. ಹಾಗೆ ಮಾರ್ಪಡಿಸಿದರೆ ರಂಜಕದ ಬಟ್ಟಲು ಕೂತಿದ್ದ ಜಾಗದಲ್ಲಿ, ಮುಚ್ಚಳದ ಸ್ಪ್ರಿಂಗು ಇದ್ದ ಜಾಗದಲ್ಲಿ ಮುಚ್ಚಿದ ತೂತುಗಳ ಕಲೆ ಉಳಿಯುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಫಲಕ ನುಣುಪಾಗಿತ್ತು, ಒಂದು ಕಲೆಯೂ ಇಲ್ಲ. ಹುಟ್ಟುತ್ತಲೇ ಕೇಪಿನದು.

ಆಮೇಲೆ ಫಲಕದ ಮೇಲಿನ ಗುರುತು. ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಹತ್ತಿಯಿಂದ ಒರೆಸಿದಾಗ ಒಂದು ಪ್ರಾಣಿ ಕಾಣಿಸಿತು. ಹಿಂಗಾಲ ಮೇಲೆ ನಿಂತಿದೆ, ಮುಂಗಾಲಲ್ಲಿ ಕಿರೀಟ ಹಿಡಿದಿದೆ. “ಹುಲಿ! ನೋಡಣ್ಣ ಹುಲಿ!” ಎಂದ ತಮ್ಮ. ಅದು ಹುಲಿಯಲ್ಲ, ಸಿಂಹ. ಈಸ್ಟ್ ಇಂಡಿಯಾ ಕಂಪನಿ ತನ್ನ ಆಯುಧಗಳ ಮೇಲೆ ಮೊದಲು ಹಾಕುತ್ತಿದ್ದದ್ದು ಹೃದಯದ ಆಕಾರವನ್ನು ಭಾಗ ಮಾಡಿ ಅದರೊಳಗೆ ತನ್ನ ಹೆಸರಿನ ಅಕ್ಷರಗಳನ್ನು ಬರೆದ ಮುದ್ರೆ. 1808ರ ಸುಮಾರಿಗೆ ಅದನ್ನು ಬಿಟ್ಟು ನಿಂತ ಸಿಂಹವನ್ನು ತಂದಿತು. ಹೃದಯವಿದ್ದರೆ ಟಿಪ್ಪುವಿನ ಎದುರಾಳಿಯ ಕೈಯದೆಂದಾದರೂ ಹೇಳಬಹುದಿತ್ತು. ಸಿಂಹವೆಂದರೆ ಟಿಪ್ಪು ಹೋಗಿ ವರ್ಷಗಳಾದ ಮೇಲಿನದು.

ಕೊನೆಗೆ ನಳಿಗೆಯ ಕೆಳಗಿನ ಮದ್ದು ಗಿಡಿಯುವ ಸಲಾಕೆ. ಅದನ್ನು ಎಳೆದರೆ ಪೂರ್ತಿ ಕೈಗೆ ಬರಲಿಲ್ಲ. ನಳಿಗೆಯ ತುದಿಯಲ್ಲಿ ಒಂದು ಕೀಲಿಗೆ ಸಿಕ್ಕಿಸಿದ್ದರು. ಕುದುರೆಯ ಮೇಲೆ ಕೂತವನ ಕೈಯಿಂದ ಸಲಾಕೆ ಜಾರಿ ನೆಲಕ್ಕೆ ಬಿದ್ದರೆ ಇಳಿದು ಹುಡುಕಲಾಗುವುದಿಲ್ಲ, ಅದಕ್ಕಾಗಿ ಈ ಏರ್ಪಾಡು. ಎಂದರೆ ಇದು ಸವಾರನ ಪಿಸ್ತೂಲೇ! ಕಂಪನಿಯ ಕುದುರೆ ಸೈನ್ಯಕ್ಕೆ 1840ರ ನಂತರ ಬಂದ ಬಗೆಯದು. 1858ರಲ್ಲಿ ಕಂಪನಿ ಸರ್ಕಾರವೇ ಮುಗಿದುಹೋದದ್ದರಿಂದ ಇದು ಹುಟ್ಟಿದ ಕಾಲವನ್ನು ಹದಿನೆಂಟು ವರ್ಷಗಳ ಒಳಗೆ ಹಿಡಿದಂತಾಯಿತು.

ನಕಲಿಯೇ ಎಂಬ ಸಂಶಯವನ್ನೂ ಪರೀಕ್ಷಿಸಿದೆ. ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸಿಗಳಿಗೆಂದು ಮಾಡಿದ ಪಿಸ್ತೂಲುಗಳು ನಮ್ಮ ದೇಶದ ಪೇಟೆಗಳಲ್ಲಿ ಬೇಕಾದಷ್ಟಿವೆ. ಹೆಚ್ಚಿನವುಗಳ ಮೇಲೆ ಕಿರೀಟ, ‘ಟವರ್’ ಎಂಬ ಪದ, ಒಂದು ಇಸವಿ. ಅವುಗಳಲ್ಲಿ ಅಕ್ಷರಗಳು ಮೇಲುಮೇಲೆ ಒತ್ತಿದಂತಿರುತ್ತವೆ, ಕೆತ್ತಿದ ಆಳವಿರುವುದಿಲ್ಲ. ತಿರುಪು ಮೊಳೆಗಳು ಒಂದೇ ಅಚ್ಚಿನವಾಗಿರುತ್ತವೆ. ಹಿತ್ತಾಳೆ ಎಲ್ಲ ಕಡೆ ಒಂದೇ ಬಣ್ಣ, ಕೈ ತಾಗುವ ಜಾಗದಲ್ಲಿ ಸವೆತವಿಲ್ಲ. ಮೊಳೆಯ ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ಗೀರಿದ್ದರೆ ಅದು 1930ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ನಮ್ಮದರ ಮೊಳೆಗಳ ಗೀರು ಕಿರಿದು, ಒಂದರಂತೆ ಇನ್ನೊಂದಿಲ್ಲ. ಹಿಡಿಯ ಹಿತ್ತಾಳೆ ಟೋಪಿ ಅಂಗೈ ತಾಗುವ ಕಡೆ ಸವೆದಿತ್ತು. ನಳಿಗೆಯ ಬುಡದಲ್ಲಿ ಕಿರೀಟದ ಕೆಳಗೆ ಅಕ್ಷರವಿದ್ದ ಪರೀಕ್ಷೆಯ ಮುದ್ರೆ ಇತ್ತು. ಇಂಗ್ಲೆಂಡಿನಲ್ಲಿ ನಳಿಗೆಗೆ ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದಿದ್ದರೆ ಹಾಕುವ ಮುದ್ರೆ ಅದು. ಇಂಥ ಮುದ್ರೆಗಳೂ ಕಾಲ ಹೇಳುತ್ತವೆ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹ ಕಾನೂನಿನ ಮೂಲಕ ಹುಟ್ಟಿದ್ದೇ 1813ರಲ್ಲಿ. ಅಲ್ಲಿನ ಮುದ್ರೆ ಹೊತ್ತ ಯಾವ ಆಯುಧವೂ ಶ್ರೀರಂಗಪಟ್ಟಣದ ಯುದ್ಧವನ್ನು ಕಂಡಿಲ್ಲ.

ಆದ್ದರಿಂದ ನನ್ನ ತೀರ್ಪು ಎರಡು ಭಾಗದ್ದಾಯಿತು. ಪಿಸ್ತೂಲು ಅಸಲಿ. ಟಿಪ್ಪುವಿನದೆಂಬ ಮಾತು ಅಸಲಿಯಲ್ಲ.

ಬೆಲೆಯ ಮಾತು

“ಹಂಗಾರೆ ಎಷ್ಟು ಸಿಕ್ಕೀತು?” ಎಂದು ಚಿಕ್ಕಮ್ಮ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ಹಳೆಯ ಆಯುಧದ ಬೆಲೆ ಅದರ ವಯಸ್ಸಿನಿಂದ ಬರುವುದಿಲ್ಲ. ಅದು ಯಾರದು ಎಂಬುದಕ್ಕೆ ಎಡೆಬಿಡದ ದಾಖಲೆ, ಎಷ್ಟು ಅಪರೂಪ, ಭಾಗಗಳೆಲ್ಲ ಮೂಲದವೇ, ಮೈ ಕೆಡದೆ ಇದೆಯೇ ಎಂಬ ನಾಲ್ಕರಿಂದ ಬರುತ್ತದೆ. ಬರ್ಕ್‌ಷೈರ್‌ನ ಅಟ್ಟದ ವಸ್ತುಗಳಿಗೆ ಆ ಬೆಲೆ ಬರಲು ಕಾರಣ, 1799ರಲ್ಲಿ ಅಲ್ಲಿದ್ದ ಅಧಿಕಾರಿಯ ಮನೆಯಲ್ಲೇ ಅವು ಉಳಿದಿದ್ದದ್ದು. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮೀರಿ ಹೋಯಿತಲ್ಲ, ಅದಕ್ಕೂ ಕೈಯಿಂದ ಕೈಗೆ ಬಂದ ಲೆಕ್ಕವಿತ್ತು. ಸಾವಿರಗಟ್ಟಲೆ ತಯಾರಾದ ಕಂಪನಿಯ ಸವಾರನ ಪಿಸ್ತೂಲಿಗೆ ವಿದೇಶದ ಹರಾಜಿನಲ್ಲೂ ಕೆಲವು ನೂರು ಪೌಂಡುಗಳ ಮಾತು. ನಮ್ಮದು ಹಗೇವಿನ ತೇವಕ್ಕೆ ಬೇರೆ ಮೈ ಕೆಡಿಸಿಕೊಂಡಿತ್ತು. ಸಾಲದ್ದಕ್ಕೆ ದಲ್ಲಾಳಿಯ ಮಾತು ಕೇಳಿ ತಮ್ಮ ನಳಿಗೆಯ ಅರ್ಧವನ್ನು ಉಪ್ಪು ಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿದ್ದ. ಇದನ್ನು ಓದುವವರು ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ ಕಬ್ಬಿಣದ ಮೇಲಿನ ಕಂದು ಬಣ್ಣವೇ ಅದರ ವಯಸ್ಸಿನ ಸಹಿ. ಅದನ್ನು ಉಜ್ಜಿದರೆ ಮುದ್ರೆಗಳೂ ಬೆಲೆಯೂ ಒಟ್ಟಿಗೆ ಹೋಗುತ್ತವೆ. ಒಣಬಟ್ಟೆ, ಒಂದು ಹನಿ ಎಣ್ಣೆ, ಅಷ್ಟೇ ಸಾಕು.

ವಿದೇಶಕ್ಕೆ ಕಳಿಸುವ ಮಾತಂತೂ ಬರಲೇಬಾರದು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆ. ದೇಶದೊಳಗೆ ಪುರಾವಸ್ತುವಿನ ವ್ಯಾಪಾರ ಮಾಡುವವನಿಗೂ ಲೈಸೆನ್ಸ್ ಬೇಕು. ಜೊತೆಗೆ 1959ರ ಶಸ್ತ್ರಾಸ್ತ್ರ ಕಾಯಿದೆ. ಅದರ 45ನೇ ಕಲಮಿನಲ್ಲಿ ಹಳೆಯ ಮಾದರಿಯ, ಪುರಾತನ ಬೆಲೆಯ ಆಯುಧಕ್ಕೆ ವಿನಾಯಿತಿ ಇದೆ ಎಂದು ಅನೇಕರು ಹೇಳುತ್ತಾರೆ. ಆದರೆ ರಿಪೇರಿ ಮಾಡಿದರೂ ಹಾರಿಸಲಾಗದಂಥದ್ದಕ್ಕೆ ಮಾತ್ರ ಆ ವಿನಾಯಿತಿ. ಹಾರೀತೋ ಹಾರದೋ ಎಂದು ನಾವೇ ಜಗುಲಿಯ ಮೇಲೆ ಕೂತು ತೀರ್ಮಾನಿಸುವಂತಿಲ್ಲ. ಕೊಡಗಿನವರಿಗೆ 1861ರಿಂದ ಬಂದ ವಿನಾಯಿತಿ ನಮಗೆ ನಿಮಗೆ ಅನ್ವಯಿಸುವುದೂ ಇಲ್ಲ. ಕಾಸರಗೋಡಿನ ಕಡೆ ಚುನಾವಣೆ ಬಂದಾಗಲೆಲ್ಲ ಕೃಷಿಕರು ಲೈಸೆನ್ಸ್ ಕೋವಿಯನ್ನು ಠಾಣೆಗೆ ಹೊತ್ತುಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಕೋವಿಯ ಜೊತೆ ಕಾಗದ ಇರಲೇಬೇಕೆಂಬುದು ಅಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಲೆಕ್ಕದ ಪೆಟ್ಟಿಗೆ

ಕಾಗದ ಎಂದ ಮೇಲೆ ನೆನಪಾಯಿತು. “ಚಿಕ್ಕಪ್ಪ, ಇದಕ್ಕೆ ಯಾವುದಾದರೂ ಕಾಗದ ಪತ್ರ ಇತ್ತಾ?” ಎಂದೆ. “ಅದೆಂಥದಪ್ಪ, ಸುಲ್ತಾನ ಕೊಟ್ಟದ್ದಕ್ಕೆ ಕಾಗದ?” ಎಂದರು. ಆದರೂ ಎದ್ದು ಹೋಗಿ ಮುತ್ತಾತನ ಲೆಕ್ಕದ ಪೆಟ್ಟಿಗೆ ತಂದಿಟ್ಟರು. ಪಟ್ಟಾ, ಕಂದಾಯದ ರಸೀದಿ, ಹಳೆಯ ಪಂಚಾಂಗದ ಹಾಳೆಗಳು. ಅವುಗಳ ನಡುವೆ ಮಡಿಕೆ ಹರಿಯುತ್ತಿದ್ದ ಒಂದು ಇಂಗ್ಲಿಷ್ ಕಾಗದ. ಇಂಗ್ಲಿಷ್ ಎಂದು ಯಾರೂ ಓದಿರಲಿಲ್ಲ. ಕೋಟಿ ಹೇಳಿದ ದಲ್ಲಾಳಿ ಕೇಳಿಯೂ ಇರಲಿಲ್ಲ.

ಅದು 1878ರ ಶಸ್ತ್ರ ಕಾಯಿದೆಯ ಅಡಿಯಲ್ಲಿ ಕೊಯಮತ್ತೂರು ಜಿಲ್ಲೆಯ ಕಚೇರಿ 1913ರಲ್ಲಿ ಕೊಟ್ಟ ಪರವಾನಗಿ. ಬಾಯಿಂದ ಮದ್ದು ತುಂಬುವ ಪಿಸ್ತೂಲು ಒಂದು, ಬೆಳೆಯ ರಕ್ಷಣೆಗಾಗಿ, ಪಣಕಹಳ್ಳಿ. ಹಿಂಬದಿಯಲ್ಲಿ ವರ್ಷ ವರ್ಷದ ನವೀಕರಣದ ಮುದ್ರೆಗಳು. ಕೆಳಗೆ ಕಾಗದ ಪಡೆದವರ ಸಹಿ. ಇಂಗ್ಲಿಷ್ ಕಾಗದ, ಮದರಾಸು ಸರ್ಕಾರದ ಮುದ್ರೆ, ಅದರ ಅಡಿಯಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ನಮ್ಮ ಮುತ್ತಾತನ ಹೆಸರು.

ಮುತ್ತಾತ ಓದು ಬರಹ ಬಲ್ಲವರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಪ್ಪ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಹೇಳಿದರು: “ನಮ್ಮಜ್ಜಿ ಹೇಳ್ತಿತ್ತು ಕನಪ್ಪ, ಒಬ್ಬ ಸವಾರಂಗೆ ಜೋಡಿ ಎತ್ತು ಕೊಟ್ಟು ತಂದದ್ದು ಅಂತ. ಸುಲ್ತಾನಂದು ಅಂದ್ರೆ ಚೆಂದ ಅಂತ ನಾವು ಆ ಮಾತು ಬಿಟ್ಬುಟ್ಟೋ.”

ಸವಾರ ನಿಜವಾಗಿದ್ದ, ಕುದುರೆಯೂ ನಿಜವಾಗಿತ್ತು. ಕಂಪನಿಯ ಸೈನ್ಯದಿಂದ ಕೈ ಕೈ ದಾಟಿ ಬಂದದ್ದನ್ನು ನಮ್ಮ ಮುತ್ತಾತ ಎತ್ತು ಕೊಟ್ಟು ಕೊಂಡು, ಸರ್ಕಾರಕ್ಕೆ ತಿಳಿಸಿ, ಸಹಿ ಹಾಕಿ, ಆನೆ ಹಂದಿಗಳಿಂದ ರಾಗಿ ಕಾಯ್ದಿದ್ದರು. ಕಥೆಯಲ್ಲಿ ಬದಲಾದದ್ದು ದೊರೆ ಮಾತ್ರ. ದೊಡ್ಡವನ ಹೆಸರು ಸೇರಿಸುವ ಆಸೆಯಲ್ಲಿ ನಾವು ಮನೆಯವನ ಹೆಸರನ್ನೇ ಮರೆತಿದ್ದೆವು.

ನಾವು ಗಡಿಯವರು. 1799ರ ನಂತರ ನಮ್ಮ ಬೆಟ್ಟ ಮೈಸೂರಿನಿಂದ ಕಂಪನಿಗೆ, ಕೊಯಮತ್ತೂರಿಗೆ ಹೋಯಿತು. 1956ರ ನವೆಂಬರ್ 1ರಂದು ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲೇ ಉಳಿದೆವು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. 1979ರಲ್ಲಿ ನಮ್ಮ ಜಿಲ್ಲೆ ಮತ್ತೆ ಬದಲಾಯಿತು. ಕಚೇರಿ ಬದಲಾದಾಗಲೆಲ್ಲ ಕಾಗದದ ಭಾಷೆ ಬದಲಾಗಿದೆ, ಹೆಸರಿನ ಕಾಗುಣಿತ ಬದಲಾಗಿದೆ. ‘ನೀವು ಇಲ್ಲಿಯವರೇ, ಎಂದು ಬಂದಿರಿ’ ಎಂದು ಕೇಳುವವರಿಗೆ ನಾವು ಕಥೆ ಹೇಳುತ್ತೇವೆ, ಕಾಗದ ತೋರಿಸುವುದಿಲ್ಲ. ಕಾಗದ ಪೆಟ್ಟಿಗೆಯಲ್ಲೇ ಇರುತ್ತದೆ, ನಾವು ಓದಿರುವುದಿಲ್ಲ. ಅಜ್ಜನ ಕತ್ತಿಯೋ ಕೋವಿಯೋ ತರವಾಡಿನ ಮನೆಯಲ್ಲಿರಲಿ, ಬೀಡಿನ ಮನೆಯಲ್ಲಿರಲಿ, ಅದರ ಜೊತೆ ಇರುವ ಕಾಗದವನ್ನು ಮೊದಲು ಹುಡುಕಿ. ಕನ್ನಡದ್ದಾದರೆ ನೀವು ಓದಿ, ಮಲಯಾಳದ್ದಾದರೆ ನೆರೆಯವರಿಂದ ಓದಿಸಿ. ವಸ್ತು ಯಾವುದೆಂದು ವಸ್ತುವೇ ಹೇಳುತ್ತದೆ. ಯಾರದೆಂದು ಹೇಳುವುದು ಕಾಗದ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಪರವಾನಗಿಯ ಅವಧಿ ಎಂದೋ ತೀರಿತ್ತಾದ್ದರಿಂದ ಒಬ್ಬ ವಕೀಲರನ್ನು ಕೇಳಿ, ಆ ಕಾಯಿದೆಯ 21ನೇ ಕಲಮಿನಂತೆ ಪಿಸ್ತೂಲನ್ನು ಠಾಣೆಗೆ ಒಪ್ಪಿಸಿ ರಸೀದಿ ತೆಗೆದುಕೊಂಡೆವು. ಕೊಡುವ ಮೊದಲು ಎಲ್ಲ ಮುದ್ರೆಗಳ ಫೋಟೋ ತೆಗೆದು, ಉದ್ದಗಲ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ದಲ್ಲಾಳಿಗೆ ಕೊಟ್ಟ ಹದಿನೈದು ಸಾವಿರ ಹೋಯಿತು. ಅವನ ಫೋನು ಆಮೇಲೆ ಹತ್ತಲೇ ಇಲ್ಲ. ತಮ್ಮ ನನ್ನ ಜೊತೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಒಂದು ಕೋಟಿ ಇಲ್ಲವೆಂದು ಹೇಳಿದವನ ಮೇಲೆ ಕೋಪ ಬರುವುದು ಸಹಜ. ಮಗಳ ಓದಿಗೆ ಬ್ಯಾಂಕಿನಲ್ಲೇ ಶಿಕ್ಷಣ ಸಾಲವಾಯಿತು, ಅರ್ಜಿಯನ್ನು ನಾನೇ ತುಂಬಿದೆ. ಆ ಎರಡೆಳೆ ಸರ ಇಂದಿಗೂ ಅವನ ಹೆಂಡತಿಯ ಕೊರಳಲ್ಲೇ ಇದೆ.

ಅಂದು ಅರ್ಜಿಯ ಜೊತೆ ವಿಳಾಸದ ಪುರಾವೆ ಇಡುವಾಗ ಆ ಹುಡುಗಿ ಕೇಳಿದಳು: “ದೊಡ್ಡಪ್ಪ, ತಾತನ ಆ ಪೇಪರ್ ಕೂಡ ಇಡ್ಲಾ? ಅದರಲ್ಲೂ ಪಣಕಹಳ್ಳಿ ಅಂತ ಐತಲ್ಲ.” ಬೇಡಮ್ಮ, ಆಧಾರ್ ಸಾಕು ಎಂದೆ. ಆ ಕಾಗದಕ್ಕೆ ಕನ್ನಡಿ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಪಕ್ಕದಲ್ಲಿ ಠಾಣೆಯ ರಸೀದಿ. ಬಂದವರಿಗೆಲ್ಲ ಚಿಕ್ಕಪ್ಪ ಈಗ ಹೊಸ ಕಥೆ ಹೇಳುತ್ತಾರೆ, ಜೋಡಿ ಎತ್ತಿನ ಕಥೆ.